ಅಮಿಗಾ ರಿಪೇರಿಯ ಆಸ್ಗರ್ ವಿಂಡುಮ್

ಆಸ್ಗರ್ ವಿಂಡುಮ್ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಮನುಷ್ಯನಲ್ಲ. ಹದಿನಾರರ ಹುಡುಗನಾಗಿ ನನ್ನ ಭೌತಶಾಸ್ತ್ರದ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಾಗಿನಿಂದ ಅವನನ್ನು ಬಲ್ಲೆ. ಈಗ ಅವನಿಗೆ ಐವತ್ತೆರಡು. ಲೆಕ್ಕದ ಉತ್ತರ ತಪ್ಪಾದರೆ ಪ್ರಶ್ನೆಯೇ ಸರಿಯಿಲ್ಲ ಎನ್ನುತ್ತಿದ್ದ. ಸ್ಕೂಟರು ಬೇಲಿಗೆ ಗುದ್ದಿದಾಗ ಬೇಲಿ ರಸ್ತೆಗೆ ತೀರಾ ಹತ್ತಿರವಿದೆ ಎಂದ. ಮದುವೆ ಮುರಿದಾಗ, ಹೆಂಡತಿಯ ತವರಿನ ಕಡೆಯವರಿಗೆ ಮಾತು ಜಾಸ್ತಿ ಎಂದು ಒಂದೇ ವಾಕ್ಯದಲ್ಲಿ ಮುಗಿಸಿದ. ಅವನು ಕೆಟ್ಟವನೆಂದು ನಾನು ಹೇಳುತ್ತಿಲ್ಲ. ಆದರೆ ಅವನ ಸುತ್ತ ಏನೇ ಕೆಟ್ಟರೂ ಕಾರಣ ಇನ್ನೆಲ್ಲೋ ಇರುತ್ತದೆ.

ಅವನ ಕಸುಬು ಹಾಲು ಕರೆಯುವ ಯಂತ್ರಗಳ ರಿಪೇರಿ. ನಮ್ಮ ಊರು ಸ್ಕೀವೆಯಿಂದ ಲಿಮ್ ಫಿಯೋರ್ಡ್ ಎಂಬ ಕಡಲ ಕೊಲ್ಲಿಯ ದಂಡೆಯವರೆಗಿನ ಕೊಟ್ಟಿಗೆಗಳೆಲ್ಲ ಅವನಿಗೆ ಪರಿಚಯ. ರಬ್ಬರ್ ಕೊಳವೆಯಲ್ಲಿ ಗಾಳಿ ಎಲ್ಲಿ ಸೋರುತ್ತಿದೆ ಎಂದು ಬಾಗಿಲಲ್ಲಿ ನಿಂತು ಕೇಳಿಯೇ ಹೇಳುತ್ತಾನೆ. ಈ ಕಿವಿಯನ್ನು ಅವನಿಗೆ ಕೊಟ್ಟದ್ದು ಹಸುಗಳಲ್ಲ, ಅಮಿಗಾ ಎಂಬ ಕಂಪ್ಯೂಟರು. 1988ರಲ್ಲಿ ಎರಡು ಬೇಸಿಗೆ ಆಲೂಗಡ್ಡೆ ಆರಿಸಿದ ಕೂಲಿಯಲ್ಲಿ ಅದನ್ನು ಕೊಂಡ. ಫ್ಲಾಪಿ ಡಿಸ್ಕು ಒಳಗೆ ಹೋದಾಗ ಅದನ್ನು ಓದುವ ಡ್ರೈವು ಮಾಡುವ ಸದ್ದಿನಿಂದಲೇ ಅದು ಓದುತ್ತಿದೆಯೋ ಒದ್ದಾಡುತ್ತಿದೆಯೋ ತಿಳಿಯುತ್ತಿದ್ದ ಪೀಳಿಗೆ ಅವರದು.

ಅವನಂಥ ಹುಡುಗರು ಗುಂಪು ಕಟ್ಟಿಕೊಂಡು ಅಮಿಗಾಕ್ಕೆಂದು ಚಿತ್ರ, ಸಂಗೀತ ಮಾಡಿ ಡಿಸ್ಕಿನಲ್ಲಿ ಹಂಚುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಕೆಲಸವಿತ್ತು. ಒಬ್ಬ ಪ್ರೋಗ್ರಾಂ ಬರೆಯುತ್ತಿದ್ದ, ಒಬ್ಬ ಚಿತ್ರ ಬಿಡಿಸುತ್ತಿದ್ದ, ಒಬ್ಬರು ಟ್ಯೂನು ಕಟ್ಟುತ್ತಿದ್ದರು. ಆಸ್ಗರನದು ಹಂಚುವ ಕೆಲಸ. ಸ್ವೀಡನ್, ಜರ್ಮನಿ, ಹಾಲೆಂಡ್, ಫಿನ್ಲೆಂಡಿನ ಅರವತ್ತು ವಿಳಾಸಗಳಿಗೆ ಡಿಸ್ಕು ಕಳಿಸಿ ಅಷ್ಟೇ ಡಿಸ್ಕು ತರಿಸುತ್ತಿದ್ದ. ಯಾರ ಕೈಗೆ ಹೊಸದು ಮೊದಲು ಬರುತ್ತದೋ ಅವನೇ ದೊಡ್ಡವನು. ಅಂಚೆಚೀಟಿಯ ಮೇಲ್ಮೈಗೆ ಅಂಟು ಸವರಿ ಕಳಿಸುವುದು ಅವರೆಲ್ಲರ ರೂಢಿ. ಪಡೆದವನು ನೀರಿನಲ್ಲಿ ನೆನೆಸಿದರೆ ಮುದ್ರೆ ತೊಳೆದುಹೋಗಿ ಚೀಟಿ ಮತ್ತೆ ಹೊಸದು. ಒಮ್ಮೆ ಅಂಚೆಯವರು ಹಿಡಿದು ಅವನಪ್ಪನನ್ನು ಕರೆಸಿದರು. ಮುದ್ರೆಯ ಶಾಯಿ ಗಟ್ಟಿಯಿರಬೇಕಿತ್ತು ಎಂದು ಆಸ್ಗರ್ ಅವರ ಎದುರಿಗೇ ಹೇಳಿದನಂತೆ.

ಅಮಿಗಾ ಮಾಡಿದ ಕಂಪನಿ 1994ರಲ್ಲಿ ದಿವಾಳಿಯಾಯಿತು. ಹೆಸರು ಒಬ್ಬರ ಪಾಲು, ಪ್ರೋಗ್ರಾಂ ಇನ್ನೊಬ್ಬರ ಪಾಲಾಗಿ, ಕೇಸು ನಡೆಸುತ್ತಲೇ ವಕೀಲರು ಮುದುಕರಾದರು. ಯಂತ್ರ ಮಾತ್ರ ಸಾಯಲಿಲ್ಲ. ಪ್ರತಿ ಗುರುವಾರ ಮಧ್ಯಾಹ್ನ ಎರಡರಿಂದ ಐದರವರೆಗೆ, ಹಳೆ ಡೇರಿಯಲ್ಲಿ ಬಾಟಲಿ ತೊಳೆಯುತ್ತಿದ್ದ ಕೋಣೆಯಲ್ಲಿ ನಮ್ಮ ಅಮಿಗಾ ಸಂಘ ಸೇರುತ್ತದೆ. ನಾನು ಅಧ್ಯಕ್ಷೆ. ನನಗೆ ಆ ಯಂತ್ರದ ಮೇಲೆ ಮೋಹವೇನೂ ಇಲ್ಲ. ಸಂಘಕ್ಕೆ ನಡಾವಳಿ ಬರೆಯಲು ಬರುವವರೊಬ್ಬರು ಬೇಕಿತ್ತು, ನನಗೆ ಬರುತ್ತದೆ.

ಅಲ್ಲಿ ಹತ್ತು ವರ್ಷದಿಂದ ನಡೆಯುತ್ತಿರುವುದು ಒಂದೇ ಜಗಳ. ಮಾಲ್ಟೆ ಎಂಬ ನಲವತ್ತೊಂದರ ಗಂಡಸು, ಗಾಳಿಯಂತ್ರದ ರೆಕ್ಕೆ ಮಾಡುವ ಕಾರ್ಖಾನೆಯವನು, ಮನೆಯಲ್ಲಿ ಹೊಸ ಬೋರ್ಡು ಮಾಡುತ್ತಾನೆ. ಹಳೆಯ ಚಿಪ್‌ಗಳು ಏನು ಮಾಡುತ್ತಿದ್ದವೋ ಅದನ್ನೆಲ್ಲ ಒಂದೇ ಹೊಸ ಚಿಪ್‌ಗೆ ಕಲಿಸಿದ್ದಾನೆ. ಅಮಿಗಾ ಇನ್ನೂ ಐವತ್ತು ವರ್ಷ ಬದುಕಬೇಕಾದರೆ ಇದೇ ದಾರಿ ಎನ್ನುವುದು ಅವನ ವಾದ. ಆಸ್ಗರನ ಪಾಲಿಗೆ ಅದು ಅಮಿಗಾನೇ ಅಲ್ಲ. ಹಳದಿಯಾದ ಪೆಟ್ಟಿಗೆ, ಸೋರಿದ ಬ್ಯಾಟರಿಯ ಹಸಿರು ಕಿಲುಬು, ಗರಗರ ಎನ್ನುವ ಡ್ರೈವು, ಇವನ್ನು ಬಿಟ್ಟರೆ ಉಳಿದದ್ದೆಲ್ಲ ಆಟಿಕೆ.

ಕಳೆದ ನವೆಂಬರಿನ ಒಂದು ಗುರುವಾರ ಎರಡೂವರೆ ಗಂಟೆಗೆ ಸೋಲ್ವೈ ಬ್ರಾಸ್ಕ್ ಬಿಸ್ಕತ್ತಿನ ತಗಡಿನ ಡಬ್ಬಿಯೊಂದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದಳು. ಅವಳೂ ನನ್ನ ಹಳೆಯ ವಿದ್ಯಾರ್ಥಿನಿ, ಆಸ್ಗರನ ಓರಗೆಯವಳು. ಹಲ್ಲಿನ ವೈದ್ಯರಿಗೆ ಕಟ್ಟು ಹಲ್ಲು ಮಾಡಿಕೊಡುತ್ತಾಳೆ. ಡಬ್ಬಿಯಲ್ಲಿ ದಾರದುಂಡೆಗಳ ಅಡಿಯಲ್ಲಿ ಒಂದು ನೀಲಿ ಡಿಸ್ಕು ಇತ್ತು.

"ಆಸ್ಗರ್, ಇದನ್ನ ಓದಿಕೊಡ್ಬೇಕು. ನಾಲ್ಕು ಗಂಟೆ ಒಳಗೆ."

"ಮೂವತ್ತೈದು ವರ್ಷ ಸೂಜಿ ಜೊತೆ ಇಟ್ಟು ಈಗ ಓಡ್ಕೊಂಡು ಬಂದಿದ್ದೀಯ."

"ನಂಗೆ ಗೊತ್ತಾಗಿದ್ದೇ ಮೊನ್ನೆ ಕಣೋ. ಕಟ್ಟುಹಲ್ಲಿನ ದವಡೆ ಉಜ್ತಾ ಕೂತಿದ್ದೆ, ರೇಡಿಯೋದಲ್ಲಿ ನನ್ನ ಟ್ಯೂನು ಬಂತು. ಪಿಟೀಲಲ್ಲಿ. ಆರ್ಹುಸ್‌ನಲ್ಲಿ ದೊಡ್ಡ ವಾದ್ಯಮೇಳ ಅಮಿಗಾ ಟ್ಯೂನು ನುಡಿಸ್ತಾರಂತೆ. ಕಟ್ಟಿದೋರು ಯಾರೋ ಕ್ವಾರ್ಕ್ ಅಂತೆ, ಗೊಥೆನ್‌ಬರ್ಗ್‌ನೋನಂತೆ. ಹೆಸರೂ ಬೇರೆ. ತಾರಾಯಾನ ಅಂತೆ, ತಾರಾಯಾನ. ಅದು ಫುರ್ ದೋಣಿ."

ಫುರ್ ದ್ವೀಪಕ್ಕೆ ಹೋಗುವ ದೋಣಿ ನಮಗೆಲ್ಲ ಗೊತ್ತಿರುವುದೇ. ದಾಟಲು ಮೂರು ನಿಮಿಷ ಬೇಕು. ಅವಳು ಆಗ ದಿನಾ ಅದರಲ್ಲಿ ಶಾಲೆಗೆ ಬರುತ್ತಿದ್ದಳು. ಆ ಎಂಜಿನ್ನಿನ ಧಡಕು ಟ್ಯೂನಿನ ಕೆಳಗೆ ಮೊದಲಿನಿಂದ ಕೊನೆಯವರೆಗೆ ಹರಿಯುತ್ತದೆ.

"ಸಂಘಟಕರಿಗೆ ಬರೆದೆ. ಕಾರ್ಯಕ್ರಮದ ಪುಸ್ತಿಕೆ ಇವತ್ತು ನಾಲ್ಕಕ್ಕೆ ಅಚ್ಚಿಗೆ ಹೋಗತ್ತೆ, ಅಷ್ಟರೊಳಗೆ ಪುರಾವೆ ಕೊಟ್ರೆ ಹೆಸರು ಬದಲಿಸ್ತಾರಂತೆ. ಇಲ್ದಿದ್ರೆ ಕ್ವಾರ್ಕೇ ಗತಿ. ರೆಕಾರ್ಡಿನ ಮೇಲೂ ಅದೇ ಹೆಸರು."

ಪುರಾವೆ ಡಿಸ್ಕಿನಲ್ಲಿತ್ತು. ಅಮಿಗಾದ ಟ್ಯೂನಿನ ಫೈಲಿನಲ್ಲಿ ವಾದ್ಯಗಳ ಹೆಸರು ಬರೆಯಲು ಮೂವತ್ತೊಂದು ಪುಟ್ಟ ಸಾಲುಗಳಿರುತ್ತವೆ. ಯಾರೂ ಅಲ್ಲಿ ವಾದ್ಯದ ಹೆಸರು ಬರೆಯುತ್ತಿರಲಿಲ್ಲ. ತಮ್ಮ ಹೆಸರು, ಊರು, ಗೆಳೆಯರಿಗೆ ನಮಸ್ಕಾರ, ವೈರಿಗಳಿಗೆ ಬೈಗುಳ ಎಲ್ಲವನ್ನೂ ಸಾಲಿನ ಕೆಳಗೆ ಸಾಲಾಗಿ ತುಂಬುತ್ತಿದ್ದರು. ಸೋಲ್ವೈಯೂ ತುಂಬಿದ್ದಳು. ಗೊಥೆನ್‌ಬರ್ಗಿನ ಪ್ರತಿಯಲ್ಲಿ ಕ್ವಾರ್ಕ್ ಎಂಬ ಒಂದು ಸಾಲು ಬಿಟ್ಟರೆ ಉಳಿದವೆಲ್ಲ ಖಾಲಿ.

ಮಾಲ್ಟೆ ಎದ್ದು ಬಂದ. ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆಯೊಂದು ಅವನ ಅಂಗೈಯಲ್ಲಿತ್ತು. ಹನ್ನೊಂದೇ ವರ್ಷ ದೊಡ್ಡವನಾದ ಆಸ್ಗರನನ್ನು ಅವನು ಅಜ್ಜ ಎಂದೇ ರೇಗಿಸುವುದು.

"ಅಜ್ಜ, ನನ್ನದಕ್ಕೆ ಹಾಕೋಣ. ಇದು ಡಿಸ್ಕಿನ ಮೇಲೆ ಅಯಸ್ಕಾಂತದ ಗುರುತು ಹೇಗಿದೆಯೋ ಹಾಗೇ ಎತ್ಕೊಳ್ಳತ್ತೆ. ಬರೆಯೋ ಮಾತೇ ಇಲ್ಲ."

"ಅಮಿಗಾ ಡಿಸ್ಕನ್ನ ಅಮಿಗಾ ಓದತ್ತೆ. ನಿನ್ನ ಆಟದ ಸಾಮಾನು ಕಿಸೇಲಿಟ್ಕೋ."

"ಹಳೇ ಡಿಸ್ಕು ಕಣಜ್ಜ, ಪುಡಿ ಉದುರ್ತಿರತ್ತೆ."

"ನೀನು ಹುಟ್ಟೋಕ್ಮುಂಚೆ..." ಎಂದು ಶುರು ಮಾಡಿದ ಆಸ್ಗರ್ ಲೆಕ್ಕ ಹಾಕಿದ, ಕೂಡಲಿಲ್ಲ, ಯಂತ್ರದ ಕಡೆ ತಿರುಗಿದ. ಡಿಸ್ಕನ್ನು ಡ್ರೈವಿನ ಬಾಯಿಗೆ ಕೊಟ್ಟ. ಅದು ಟಕ್ಕೆಂದು ಕೂತಿತು.

ಈ ಡಿಸ್ಕುಗಳ ಮೂಲೆಯಲ್ಲಿ ಉಗುರಿನಿಂದ ಸರಿಸುವ ಪುಟ್ಟ ಬಾಗಿಲೊಂದಿರುತ್ತದೆ. ಅದನ್ನು ತೆರೆದಿಟ್ಟರೆ ಯಂತ್ರ ಓದುತ್ತದೆ, ಬರೆಯಲಾರದು. ಮುಚ್ಚಿದ್ದರೆ ಬರೆಯುತ್ತದೆ. ಹೊಸದಾಗಿ ಸಂಘಕ್ಕೆ ಬಂದ ಪ್ರತಿಯೊಬ್ಬನಿಗೂ ಆಸ್ಗರ್ ಮೊದಲು ಕೊಡುವ ಉಪದೇಶ ಇದು: ಮೊದಲು ಬಾಗಿಲು, ಆಮೇಲೆ ಡಿಸ್ಕು. ಅವನು ಅವತ್ತು ನೋಡಿರಲಿಲ್ಲ.

ಡ್ರೈವಿನ ದೀಪ ಹತ್ತಿತು. ಐದು ಸೆಕೆಂಡಿನಲ್ಲಿ ಆರಬೇಕಾದದ್ದು ಆರಲಿಲ್ಲ. ಹತ್ತು, ಹದಿನೈದು. ಕೋಣೆಯಲ್ಲಿದ್ದವರಿಗೆಲ್ಲ ಅರ್ಥವಾಯಿತು, ಮೊದಲು ಅರ್ಥವಾದದ್ದು ಆಸ್ಗರನಿಗೆ. ಯಾವಾಗಲೋ ದೀಪ ಆರುವ ಮೊದಲೇ ಎಳೆದು ತೆಗೆದ ಡಿಸ್ಕು ಸಿಕ್ಕರೆ ಅಮಿಗಾ ಯಾರನ್ನೂ ಕೇಳದೆ ಅದನ್ನು ಸರಿಪಡಿಸಲು ಕೂರುತ್ತದೆ. ಸರಿಪಡಿಸುವುದೆಂದರೆ ಯಾವ ಫೈಲು ಎಲ್ಲಿದೆ ಎಂದು ಡಿಸ್ಕಿನ ನಟ್ಟನಡುವೆ ಇರುವ ಪಟ್ಟಿಯನ್ನು ಹೊಸದಾಗಿ ಬರೆಯುವುದು. ಆಗ ಡಿಸ್ಕು ಎಳೆದರೆ ಪಟ್ಟಿ ಅರ್ಧಕ್ಕೆ ನಿಂತು ಸಾಯುತ್ತದೆ. ಎಳೆಯದಿದ್ದರೆ ಮೂವತ್ತೈದು ವರ್ಷದ ಸಡಿಲ ಲೇಪವನ್ನು ಡ್ರೈವಿನ ಓದುವ ತಲೆ ಕೆರೆಯುತ್ತಲೇ ಇರುತ್ತದೆ.

"ತೆಗಿ," ಎಂದ ಮಾಲ್ಟೆ.

"ಮುಟ್ಟಬೇಡ."

"ಕೊರೀತಾ ಇದೆ, ಕೇಳಿಸ್ತಿಲ್ವಾ?"

"ಮುಟ್ಟಬೇಡ ಅಂದೆ."

ಕೇಳಿಸುತ್ತಿತ್ತು. ಗರಗರದ ಒಳಗಿನಿಂದ ತೆಳ್ಳಗೆ ಒಂದು ಕೀರಲು ಹೊರಟಿತ್ತು, ಬಟ್ಟಲಿನ ತಳಕ್ಕೆ ಚಮಚ ಉಜ್ಜಿದಂತೆ. ಆಸ್ಗರನ ಬೆರಳು ಡ್ರೈವಿನ ಗುಂಡಿಯ ಮೇಲೆ ಒಂದು ಅಂಗುಲ ಎತ್ತರದಲ್ಲಿ ನಿಂತಿತ್ತು, ಒತ್ತಲಿಲ್ಲ, ಹಿಂದಕ್ಕೂ ಬರಲಿಲ್ಲ. ಸೋಲ್ವೈ ಡಬ್ಬಿಯ ಮುಚ್ಚಳವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ನಾನು ಗೋಡೆಯ ಗಡಿಯಾರ ನೋಡಿದೆ. ನಲವತ್ತು ಸೆಕೆಂಡಿನ ಮೇಲೆ ದೀಪ ಆರಿತು. ಪರದೆಯ ಮೇಲೆ, ಇದು ತನಗೆ ಗೊತ್ತಿರುವ ಬಗೆಯ ಡಿಸ್ಕೇ ಅಲ್ಲ ಎಂಬ ಒಕ್ಕಣೆ ಬಂತು.

"ಹೋಯ್ತಾ?" ಎಂದಳು ಸೋಲ್ವೈ.

"ಆವತ್ತು ನೀನು ದೀಪ ಆರೋಕ್ಮುಂಚೆ ಎಳ್ದಿದ್ದೀಯ. ಅದಕ್ಕೇ ಇದು."

"ಇರಬಹುದು. ಹದಿನಾರು ವರ್ಷ ನಂಗೆ. ಬಾಗಿಲು ತೆರೆದು ಡಿಸ್ಕು ಹಾಕೋದಕ್ಕೇನಾಗಿತ್ತು ನಿಂಗೆ?"

"ಅದು ಸಡಿಲ ಇತ್ತು. ತಾನೇ ಜಾರಿದೆ."

ಡಿಸ್ಕು ಹೊರಬಂದ ಮೇಲೆ ನಾನೇ ಆ ಬಾಗಿಲನ್ನು ಸರಿಸಿ ನೋಡಿದೆ. ಉಗುರು ನೋಯುವಷ್ಟು ಬಿಗಿಯಾಗಿತ್ತು. ಹೇಳಲು ಹೋಗಲಿಲ್ಲ. ಗಡಿಯಾರ ಎರಡೂ ಐವತ್ತು ತೋರಿಸುತ್ತಿತ್ತು, ಜಗಳಕ್ಕೆ ವ್ಯವಧಾನವಿರಲಿಲ್ಲ. ಸೋಲ್ವೈ ಡಿಸ್ಕನ್ನು ನನ್ನ ಕೈಯಿಂದ ತೆಗೆದುಕೊಂಡು ಮಾಲ್ಟೆಗೆ ಕೊಟ್ಟಳು. ಆಸ್ಗರನ ಕಡೆ ನೋಡಲಿಲ್ಲ.

ಮಾಲ್ಟೆ ಅದನ್ನು ಬೆಳಕಿಗೆ ಹಿಡಿದು ತಗಡಿನ ತೆರೆ ಸರಿಸಿದ. ಕಂದು ತಟ್ಟೆಯ ಮೇಲೆ ಕೂದಲೆಳೆಯಂಥ ಉಂಗುರ, ಹೊಳೆಯುವ ಗೀರು. ಒಳಗಿನ ಬಟ್ಟೆಯ ಪದರ ಪುಡಿಯಿಂದ ಕಪ್ಪಾಗಿತ್ತು.

"ಹೀಗೇ ಹಾಕಿದ್ರೆ ಇನ್ನೂ ಕೆರೆಯತ್ತೆ. ತಟ್ಟೆ ತೆಗೆದು ಬೇರೆ ಡಿಸ್ಕಿನ ಚಿಪ್ಪಿಗೆ ಹಾಕ್ಬೇಕು," ಎಂದ. "ನಾನು ಎರಡು ಸಲ ಮಾಡಿದ್ದೀನಿ. ಒಂದು ಹರಿದೋಯ್ತು."

ಆಸ್ಗರ್ ಕೈ ಚಾಚಿದ. ಮಾಲ್ಟೆ ಸೋಲ್ವೈಳ ಮುಖ ನೋಡಿದ. ಅವಳು ಆಗಲಿ ಎಂದು ತಲೆಯಾಡಿಸಿದಳು.

ಕೆಲಸಗಾರನಾಗಿ ಆಸ್ಗರನಿಗೆ ಸಮನಾದವನನ್ನು ನಾನು ನೋಡಿಲ್ಲ. ಒಂದು ತೆಳು ಚಾಕು, ಒಂದು ಚಿಮಟ, ಮದ್ಯಸಾರದಲ್ಲಿ ಅದ್ದಿದ ಹತ್ತಿ. ಚಿಪ್ಪಿನ ಅಂಚುಗಳನ್ನು ಒಂದೊಂದಾಗಿ ಬಿಡಿಸಿದ, ತಟ್ಟೆಯನ್ನು ನಡುವಿನ ಲೋಹದ ಬಿಲ್ಲೆಯಲ್ಲಿ ಹಿಡಿದು ಎತ್ತಿದ, ಹತ್ತಿಯನ್ನು ಅದಕ್ಕೆ ಮುಟ್ಟಿಸಿದನೋ ಇಲ್ಲವೋ ಎಂಬಷ್ಟು ಹಗುರವಾಗಿ ಒಳಗಿನಿಂದ ಹೊರಕ್ಕೆ ಒರೆಸಿದ, ಹೊಸ ಚಿಪ್ಪಿನಲ್ಲಿ ಮಲಗಿಸಿದ. ಹದಿನಾರು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಯಾರೂ ಕುರ್ಚಿ ಎಳೆಯಲಿಲ್ಲ. ಕೊನೆಗೆ ಬಾಗಿಲನ್ನು ತೆರೆದು, ತೆರೆದಿದೆ ಎಂದು ಸೋಲ್ವೈಗೆ ತೋರಿಸಿ, ಮಾಲ್ಟೆಯ ಮುಂದಿಟ್ಟ.

"ನಿನ್ನ ಪೆಟ್ಟಿಗೆಗೇ ಹಾಕು," ಎಂದ.

ಪೆಟ್ಟಿಗೆಗೆ ಒಂದು ಡ್ರೈವು ಜೋಡಿಸಿ ಡಿಸ್ಕು ಹಾಕಿದಾಗ ಮಾಲ್ಟೆಯ ಪರದೆಯ ಮೇಲೆ ನೂರ ಅರವತ್ತು ಚೌಕಗಳು. ಓದಿದ್ದು ಹಸಿರು, ಓದಲಾಗದ್ದು ಕೆಂಪು. ಹಸಿರು, ಹಸಿರು, ಕೆಂಪು, ಹಸಿರು. ನಡುವಿಗೆ ಬಂದಾಗ ಒಂದೇ ಸಮನೆ ಕೆಂಪು. ಅದು ಅಮಿಗಾ ಬರೆದು ಹಾಳುಮಾಡಿದ ಪಟ್ಟಿ. ಮತ್ತೆ ಹಸಿರು. ಪ್ರತಿ ಹತ್ತು ಚೌಕಕ್ಕೆ ನಿಲ್ಲಿಸಿ ಆಸ್ಗರ್ ಡ್ರೈವಿನ ತಲೆ ಒರೆಸಿದ, ಮಾಲ್ಟೆ ಮುಂದಕ್ಕೆ ನಡೆಸಿದ. ಇಬ್ಬರೂ ಪರಸ್ಪರ ಬೈಯುವುದನ್ನು ಮರೆತಿದ್ದರು.

"ಪಟ್ಟಿ ಹೋದ್ರೂ ಫೈಲು ಇರತ್ತೆ," ಎಂದು ಮಾಲ್ಟೆ ಸೋಲ್ವೈಗೆ ಹೇಳಿದ. "ಪುಸ್ತಕದ ವಿಷಯಸೂಚಿ ಹರಿದಂಗೆ. ಪುಟ ತಿರುವಿ ಹುಡುಕೋದು."

ಮೂರೂ ಇಪ್ಪತ್ತೆಂಟಕ್ಕೆ ಸಿಕ್ಕಿತು. ನಡುನಡುವೆ ಕಸ ಅಕ್ಷರಗಳು, ಆದರೂ ಮೂವತ್ತೊಂದರಲ್ಲಿ ಇಷ್ಟನ್ನು ಓದಬಹುದಿತ್ತು.

ಫುರ್ ದೋಣಿ
ಸೋಲ್ವೈ ಬ್ರಾಸ್ಕ್, ಫುರ್
ಮೇ 1989
ಎಂಜಿನ್ ನಿಜವಾದ್ದು
ಅಮ್ಮ ಊಟಕ್ಕೆ ಕರೀತಿದಾಳೆ
ಇವತ್ತೂ ಮೀನು
ಇದನ್ನ ಕದ್ದೋರಿಗೆ
ದಿನಾ ಮೀನು

ಸೋಲ್ವೈ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಮಾಲ್ಟೆ ಅದರ ಚಿತ್ರ ತೆಗೆದು, ಫೈಲನ್ನೂ ಸೇರಿಸಿ ಆರ್ಹುಸ್‌ಗೆ ಕಳಿಸಿದ. ನಾನು ಕಾಫಿ ಬಗ್ಗಿಸಿದೆ. ರೈ ರೊಟ್ಟಿಗೆ ಲಿವರಿನ ಮುದ್ದೆ ಹಚ್ಚಿದ್ದನ್ನು ಯಾರೂ ಮುಟ್ಟಲಿಲ್ಲ.

ಮೂರೂ ನಲವತ್ತೊಂದಕ್ಕೆ ಉತ್ತರ ಬಂತು. ಮಾಲ್ಟೆ ಗಟ್ಟಿಯಾಗಿ ಓದಿದ. ನಿಮ್ಮ ಶ್ರಮಕ್ಕೆ ಕೃತಜ್ಞತೆ. ಆದರೆ ಇಂಥ ಸಾಲುಗಳನ್ನು ಯಾರು ಬೇಕಾದರೂ ಇವತ್ತೂ ಬರೆಯಬಹುದು. ಗೊಥೆನ್‌ಬರ್ಗಿನ ಪ್ರತಿ 1990ರಿಂದ ಎಲ್ಲ ಸಂಗ್ರಹಗಳಲ್ಲಿದೆ. ಕ್ವಾರ್ಕ್ ಎಂಬುವರು 2011ರಲ್ಲಿ ತೀರಿಕೊಂಡಿದ್ದಾರೆ, ಅವರನ್ನು ಕೇಳುವಂತಿಲ್ಲ. ಹೆಸರು ಹೇಗೆ ಬದಲಾಯಿತು ಎಂಬುದನ್ನು ಸ್ವತಃ ಬಲ್ಲವರು ಹೆಸರು, ದೂರವಾಣಿ ಸಂಖ್ಯೆ ಸಮೇತ ಬರೆದುಕೊಟ್ಟರೆ ಮಾತ್ರ ಬದಲಿಸುತ್ತೇವೆ. ಇಲ್ಲದಿದ್ದರೆ ಇದ್ದಂತೆ ಅಚ್ಚಾಗುತ್ತದೆ.

"ಅಂದ್ರೆ ಡಿಸ್ಕಿಗೆ ಬೆಲೆನೇ ಇಲ್ವಾ?" ಎಂದ ಮಾಲ್ಟೆ. "ತಟ್ಟೆ ಪರೀಕ್ಷೆ ಮಾಡಿಸ್ಲಿ. ಎಷ್ಟು ಹಳೇದು ಅಂತ ಗೊತ್ತಾಗಲ್ವಾ?"

"ತಟ್ಟೆ ಹಳೇದು ಅಂತ ಗೊತ್ತಾಗತ್ತೆ. ಬರೆದದ್ದು ಯಾವಾಗ ಅಂತ ಗೊತ್ತಾಗಲ್ಲ," ಎಂದೆ ನಾನು. "ಅವರು ಹೇಳ್ತಿರೋದು ಸರಿ."

"ನೀವೂ ಅವರ ಕಡೆನಾ ಟೀಚರ್?"

ಯಾರ ಕಡೆಯೂ ಅಲ್ಲ. ಆ ಸ್ಥಾನದಲ್ಲಿ ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ. ಹಳೆಯ ಡ್ರೈವು ಓದಿದರೇನು, ಹೊಸ ಪೆಟ್ಟಿಗೆ ಓದಿದರೇನು, ಅಲ್ಲಿ ಇರುವುದು ಅಕ್ಷರ. ಅದನ್ನು ಅಲ್ಲಿಂದ ತೆಗೆದವರು ಯಾರು ಎಂದು ಯಂತ್ರ ಹೇಳುವುದಿಲ್ಲ. ಹತ್ತು ವರ್ಷ ಆ ಕೋಣೆಯಲ್ಲಿ ಕೇಳಿದ ವಾದವೆಲ್ಲ ಅವತ್ತು ನನಗೆ ಬರೀ ತಗಡಿನ ಸದ್ದಾಗಿ ಕೇಳಿಸಿತು.

ಸೋಲ್ವೈ ಕಪ್ಪು ಕೆಳಗಿಟ್ಟಳು.

"ಆಸ್ಗರ್. ಈ ಟ್ಯೂನು ನಾನು ನಿಂಗೆ ಬಿಟ್ಟು ಯಾರಿಗೂ ಕೊಟ್ಟಿಲ್ಲ."

ಅವನು ಡ್ರೈವಿನ ತಿರುಪು ಬಿಗಿಯುತ್ತಿದ್ದ.

"ವಾರಕ್ಕೆ ನಲವತ್ತು ಡಿಸ್ಕು ಬರ್ತಿತ್ತು ನಂಗೆ. ಯಾವುದು ಎಲ್ಲಿಗೆ ಹೋಯ್ತು ಅಂತ ಯಾರಿಗೆ ಗೊತ್ತು?"

"ಎಲ್ಲಿಗೆ ಹೋಯ್ತು ಅಂತ ನಾನು ಕೇಳ್ಲಿಲ್ಲ."

"ಆ ಕಾಲದಲ್ಲಿ ಎಲ್ರೂ ಎಲ್ರದ್ದೂ ಎತ್ಕೊಳ್ತಿದ್ರು ಕಣೇ. ಹೆಸರಿಗೆಲ್ಲ ಯಾರು ತಲೆ ಕೆಡಿಸ್ಕೊಳ್ತಿದ್ರು?"

"ನಾನು ಕೆಡಿಸ್ಕೊಂಡಿದ್ದೆ. ಮೂವತ್ತೊಂದು ಸಾಲು ಬರ್ದಿದ್ದೆ."

ತಿರುಪು ಬಿಗಿಯಾಗಿ ಎಷ್ಟೋ ಹೊತ್ತಾಗಿತ್ತು. ಅವನು ಇನ್ನೂ ತಿರುಗಿಸುತ್ತಲೇ ಇದ್ದ. ನನಗೆ ಆಗ ಸಂಶಯವೇನೂ ಉಳಿಯಲಿಲ್ಲ, ಮಾಲ್ಟೆಗೂ ಉಳಿದಿರಲಿಲ್ಲ. ಆದರೆ ನಮ್ಮ ಊಹೆ ಆರ್ಹುಸ್‌ಗೆ ಬೇಕಿರಲಿಲ್ಲ. ಆಸ್ಗರ್ ಬಾಯಿ ಮುಚ್ಚಿಕೊಂಡು ಹನ್ನೆರಡು ನಿಮಿಷ ಕಳೆದರೆ ಸಾಕು, ಇನ್ನು ಯಾರೂ ಯಾವತ್ತೂ ಕೇಳುತ್ತಿರಲಿಲ್ಲ. ಅವನಿಗೆ ಅದು ಗೊತ್ತಿತ್ತು. ಅಮಿಗಾ ಬಲ್ಲವರ ಲೋಕ ಚಿಕ್ಕದು. ಇನ್ನೊಬ್ಬರ ಟ್ಯೂನಿನ ಹೆಸರು ಅಳಿಸಿದವನಿಗೆ ಅಲ್ಲಿ ಆಮೇಲೆ ಯಾರೂ ಕುರ್ಚಿ ಕೊಡುವುದಿಲ್ಲ. ಅವನಿಗೆ ಇದ್ದದ್ದೂ ಅದೊಂದೇ ಲೋಕ.

ಮೂರೂ ಐವತ್ತಾಯಿತು. ಸೋಲ್ವೈ ಕೋಟು ಹಾಕಿಕೊಂಡಳು.

"ಬಿಡು," ಎಂದಳು, ನನ್ನ ಕಡೆ ತಿರುಗಿ. "ಪಿಟೀಲಿನೋರು ಚೆನ್ನಾಗಿ ನುಡಿಸಿದ್ರು ಟೀಚರ್. ಎಂಜಿನ್ನಿಗೆ ದೊಡ್ಡ ಡೋಲು ಇಟ್ಟಿದಾರೆ."

ಮಾಲ್ಟೆ ಕೀಲಿಮಣೆಯ ಮುಂದೆ ಕೂತು, ಅಂಥವರು ಯಾರೂ ನಮಗೆ ಸಿಗಲಿಲ್ಲ ಎಂದು ಬರೆಯತೊಡಗಿದ್ದ.

"ಆ ಕಡೆ ಸರ್ಕೋ," ಎಂದ ಆಸ್ಗರ್.

"ಏನಜ್ಜ?"

"ಸರ್ಕೋ ಅಂದೆ. ಮತ್ತೆ, ಆ ಡಿಸ್ಕಿನ ಬಾಗಿಲು ಸಡಿಲವೇ ಇತ್ತು."

"ಆಯ್ತು ಮಾರಾಯ, ಸಡಿಲ ಇತ್ತು," ಎನ್ನುತ್ತ ಮಾಲ್ಟೆ ಎದ್ದ.

ಆಸ್ಗರ್ ಕುರ್ಚಿಯನ್ನು ಮುಂದಕ್ಕೆಳೆದು ಕೂತ. ಮಾಲ್ಟೆ ಬರೆದದ್ದನ್ನು ಒಂದೊಂದೇ ಅಕ್ಷರವಾಗಿ ಅಳಿಸಿದ. ಎರಡು ಬೆರಳಿನಲ್ಲಿ ಒತ್ತಲು ಶುರು ಮಾಡಿದ. ನಾನು ಕನ್ನಡಕ ಹಾಕಿಕೊಂಡು ಅವನ ಬೆನ್ನ ಹಿಂದೆ ನಿಂತು ಓದಿದೆ.

1989ರ ಜೂನಿನಲ್ಲಿ ಈ ಟ್ಯೂನಿನಿಂದ ಸೋಲ್ವೈ ಬ್ರಾಸ್ಕ್ ಎಂಬ ಹೆಸರು ಅಳಿಸಿ ಕ್ವಾರ್ಕ್ ಎಂದು ಬರೆದವನು ನಾನು. ಗೊಥೆನ್‌ಬರ್ಗಿನವರಿಗೆ ತುರ್ತಾಗಿ ಒಂದು ಟ್ಯೂನು ಬೇಕಿತ್ತು. ನನಗೆ ಅವರ ಹೊಸ ಡಿಸ್ಕುಗಳು ಎಲ್ಲರಿಗಿಂತ ಮೊದಲು ಬೇಕಿದ್ದವು. ಹೀಗೆ ಮಾಡು ಎಂದು ಕ್ವಾರ್ಕ್ ಕೇಳಿರಲಿಲ್ಲ.

ಅಲ್ಲಿಗೆ ನಿಲ್ಲಿಸಿದ. ಸೋಲ್ವೈ ಕೋಟಿನ ಗುಂಡಿ ಹಾಕುತ್ತ ಬಾಗಿಲ ಬಳಿ ನಿಂತಿದ್ದಳು, ಅವಳಿಗೆ ಪರದೆ ಕಾಣುತ್ತಿರಲಿಲ್ಲ. ಅವನು ತನ್ನ ಪೂರ್ತಿ ಹೆಸರು ಬರೆದ. ಅದರ ಕೆಳಗೆ ಫೋನ್ ನಂಬರು ಹಾಕಿದ, ಒಂದು ಅಂಕಿ ತಪ್ಪಿತು, ಅಳಿಸಿ ಸರಿಯಾಗಿ ಬರೆದ. ಆಮೇಲೆ ಹಿಂತಿರುಗಿ ನೋಡದೆ ಕಳಿಸಿದ.